ಪಡಿತರದ ಅಕ್ಕಿ ಮತ್ತು ಅಚೌರ್ಯ ವ್ರತ

ಶ್ರಾವಕನಿಗೆ ವಿಹಿತವಾದ ನಾಲ್ಕು ದಾನಗಳಲ್ಲಿ ಆಹಾರದಾನವೂ ಒಂದು. ಬಸದಿಯ ವಾರ್ಷಿಕೋತ್ಸವವಿರಲಿ, ಮಹಾವೀರ ಜಯಂತಿಯಿರಲಿ, ಅನ್ನಸಂತರ್ಪಣೆಯಲ್ಲಿ ಜೈನ ಸಮಾಜವು ಕೈ ಹಿಂದೆಗೆದುದಿಲ್ಲ. ಆದರೆ ಬಡವನ ಅನ್ನವೆಂದೊಡನೆ ದಾನದ ಪ್ರಕರಣವನ್ನೇ ತೆರೆಯುವ ಅಭ್ಯಾಸದಿಂದ ಒಂದು ತೊಡಕು ಉಂಟಾಗಿದೆ. ದಾನವು ಕೊಡುವವನ ಸ್ವತ್ತಿನಿಂದ ಹೊರಡುವಂಥದು. ಕೊಟ್ಟರೆ ಪುಣ್ಯ, ಕೊಡದಿದ್ದರೆ ಲೋಭ. ಕೊಡದವನನ್ನು ಕಳ್ಳನೆಂದು ಯಾರೂ ಕರೆಯರು. ನ್ಯಾಯಬೆಲೆ ಅಂಗಡಿಯ ಅಕ್ಕಿ ಈ ಪ್ರಕರಣಕ್ಕೆ ಸೇರಿದುದಲ್ಲ. ಅದು ಪಡಿತರ ಚೀಟಿಯುಳ್ಳವನ ಸ್ವತ್ತು.

ಈ ಸ್ವತ್ತು ಎಲ್ಲಿಂದ ಬಂದಿತೆಂಬುದನ್ನು ಸ್ವಲ್ಪದರಲ್ಲಿ ಹೇಳಬಹುದು. 2001ರಲ್ಲಿ ಸರ್ಕಾರಿ ಗೋದಾಮುಗಳಲ್ಲಿ ಧಾನ್ಯವು ತುಂಬಿ ತುಳುಕುತ್ತಿದ್ದಾಗಲೇ ರಾಜಸ್ಥಾನದಂಥ ಬರಪೀಡಿತ ಪ್ರದೇಶಗಳಲ್ಲಿ ಜನರು ಹಸಿದಿದ್ದರು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯು ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. ಅದೇ ವರ್ಷದ ನವೆಂಬರ್ 28ರಂದು ನ್ಯಾಯಾಲಯವು ನೀಡಿದ ಆದೇಶದಿಂದ ಆಹಾರದ ಯೋಜನೆಗಳು ಸರ್ಕಾರದ ಕೃಪೆಯಾಗಿ ಉಳಿಯದೆ ಫಲಾನುಭವಿಗಳ ಹಕ್ಕಾದವು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಇದನ್ನು ಶಾಸನದ ರೂಪಕ್ಕೆ ತಂದಿತು. ಆದ್ಯತಾ ಕುಟುಂಬದ ಪ್ರತಿಯೊಬ್ಬ ಸದಸ್ಯನಿಗೆ ತಿಂಗಳಿಗೆ 5 ಕಿಲೋ ಧಾನ್ಯ, ಅಂತ್ಯೋದಯ ಕುಟುಂಬಕ್ಕೆ ಒಟ್ಟಾಗಿ 35 ಕಿಲೋ. ಕಾಯಿದೆಯು ಮೊದಲು ಗೊತ್ತುಪಡಿಸಿದ್ದು ಅಕ್ಕಿಗೆ ಕಿಲೋಗೆ 3 ರೂಪಾಯಿ, ಗೋಧಿಗೆ 2, ಸಿರಿಧಾನ್ಯ ಜೋಳಗಳಿಗೆ 1. 2023ರ ಜನವರಿಯಿಂದ ಅದೂ ಇಲ್ಲದೆ ಉಚಿತವಾಯಿತು. ಕರ್ನಾಟಕದಲ್ಲಿ 2013ರ ಜುಲೈನಿಂದ ಅನ್ನಭಾಗ್ಯ ನಡೆದುಬಂದಿದೆ.

ಉಚಿತ ಅಕ್ಕಿಯಿಂದ ಕೂಲಿಯಾಳುಗಳು ಸೋಮಾರಿಗಳಾದರೆಂಬ ಮಾತು ಪೇಟೆಯ ಗದ್ದುಗೆಗಳಲ್ಲಿ ಆಗಾಗ ಕೇಳಿಬರುತ್ತದೆ. ತಿಂಗಳಿಗೆ 5 ಕಿಲೋ ಎಂದರೆ ದಿನಕ್ಕೆ 167 ಗ್ರಾಂ. ಲೆಕ್ಕ ಬಲ್ಲವರು ಇಷ್ಟನ್ನು ಒಂದು ದಿನ ತೂಗಿ ನೋಡಿ ಆಮೇಲೆ ಮಾತನಾಡುವುದು ಲೇಸು.

ಧಾನ್ಯವು ಬಡವನದೇ ಎಂಬ ವಿಚಾರವು ಜೈನ ವರ್ತಕರಿಗೆ ಹೊಸತೇನೂ ಅಲ್ಲ. ಕಚ್ಛದ ಭದ್ರೇಶ್ವರದಲ್ಲಿ 13ನೆಯ ಶತಮಾನದಲ್ಲಿದ್ದ ಜಗಡೂ ಶ್ರೇಷ್ಠಿಯ ಚರಿತೆಯನ್ನು ಸರ್ವಾನಂದ ಸೂರಿಯು ‘ಜಗಡೂಚರಿತ’ದಲ್ಲಿ ಹೇಳಿದ್ದಾನೆ. ಘೋರ ಕ್ಷಾಮದಲ್ಲಿ ಗುಜರಾತಿನ ದೊರೆ ವೀಸಲದೇವನು ಧಾನ್ಯವನ್ನು ಕೇಳಿದಾಗ, ಕಣಜಗಳಲ್ಲಿರುವುದರಲ್ಲಿ ತನ್ನದೆಂಬುದು ಏನೂ ಇಲ್ಲವೆಂದು ಜಗಡೂ ಉತ್ತರಿಸಿದನಂತೆ. ಆ ಧಾನ್ಯವನ್ನು ಬಡವರಿಗಾಗಿ ಕೂಡಿಟ್ಟುದೆಂದು ತಾಮ್ರಪಟದಲ್ಲಿ ಮೊದಲೇ ಬರೆಯಿಸಿ ಕಣಜದೊಳಗೆ ಇರಿಸಿದ್ದನಂತೆ. ಜಗಡೂವಿನ ಔದಾರ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಅವನ ಲೆಕ್ಕಪತ್ರದ ಶುದ್ಧಿಯನ್ನು ಗಮನಿಸುವವರು ಕಡಿಮೆ. ಒಮ್ಮೆ ಬಡವರ ಹೆಸರಿಗೆ ಬರೆದುದನ್ನು ಅವನು ಮತ್ತೆ ತನ್ನ ಖಾತೆಗೆ ತಂದುಕೊಳ್ಳಲಿಲ್ಲ.

ಹಾಗಾದರೆ ಪಡಿತರದ ತೂಕದಲ್ಲಿ ಕಡಿತ ಮಾಡುವವನ ಕಾರ್ಯಕ್ಕೆ ಏನೆಂದು ಹೆಸರು? ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೆಂಬುದೊಂದಿದೆ. ಕೊಡುವಾಗ ಕಡಿಮೆಯ ಅಳತೆ, ಕೊಳ್ಳುವಾಗ ಹೆಚ್ಚಿನ ಅಳತೆ. ಒಂದು ಅಂಗಡಿಗೆ 500 ಚೀಟಿಗಳಿವೆ ಎಂದಿಟ್ಟುಕೊಳ್ಳೋಣ. ‘ಚೀಲದಲ್ಲಿ ಸೋರಿಕೆ, ಹಮಾಲಿಯ ಖರ್ಚು’ ಎಂದು ಚೀಟಿಯೊಂದಕ್ಕೆ ಅರ್ಧ ಕಿಲೋ ಮುರಿದುಕೊಂಡರೆ ತಿಂಗಳಿಗೆ 250 ಕಿಲೋ, ವರ್ಷಕ್ಕೆ 3,000 ಕಿಲೋ. ಎಂದರೆ 50 ಕಿಲೋದ 60 ಮೂಟೆಗಳು. ಅರ್ಧ ಕಿಲೋಗಾಗಿ ಜಗಳವೇಕೆಂದು ಮುದುಕಿ ಸುಮ್ಮನೆ ಹೋಗುತ್ತಾಳೆ. ಅವಳ ಮೌನದಿಂದ ಅದು ಅದತ್ತವಲ್ಲದೆ ದತ್ತವಾಗುವುದಿಲ್ಲ.

ಇನ್ನೂ ಸಮೀಪದ ಮಾತೊಂದಿದೆ. ಆ 60 ಮೂಟೆಗಳು ಅಂಗಡಿಯಲ್ಲಿಯೇ ಕುಳಿತಿರುವುದಿಲ್ಲ. ಅವನ್ನು ಕೊಳ್ಳುವವನು ಇರುವುದರಿಂದಲೇ ಅವು ಹೊರಬರುತ್ತವೆ. ಬೇರೆ ಚೀಲಕ್ಕೆ ಸುರಿದು, ಮತ್ತೊಮ್ಮೆ ಪಾಲಿಶ್ ಮಾಡಿಸಿ, ಪೇಟೆಯ ದರಕ್ಕೆ ಮಾರುವ ವ್ಯವಹಾರದಲ್ಲಿ ತಾನು ಯಾರನ್ನೂ ದೋಚಲಿಲ್ಲ, ಹಣ ಕೊಟ್ಟೇ ಕೊಂಡೆನೆಂಬ ಸಮಾಧಾನ ವರ್ತಕನಿಗಿರುತ್ತದೆ. ಆಚಾರ್ಯರು ಈ ಸಮಾಧಾನವನ್ನು ಉಳಿಸಿಲ್ಲ. ಕಳವಿನಿಂದ ಬಂದ ವಸ್ತುವನ್ನು ಸ್ವೀಕರಿಸುವುದೇ ತದಾಹೃತಾದಾನವೆಂಬ ಅತಿಚಾರ. ರಾಜ್ಯದ ಕಟ್ಟಳೆಯನ್ನು ಮೀರಿ ಅಗ್ಗಕ್ಕೆ ಕೊಳ್ಳುವುದು ವಿರುದ್ಧರಾಜ್ಯಾತಿಕ್ರಮ. 1955ರ ಅಗತ್ಯ ವಸ್ತುಗಳ ಕಾಯಿದೆಯ ದಂಡನೆಯೂ ಇದಕ್ಕುಂಟು. ಆದರೆ ವ್ರತವು ಪೋಲೀಸರ ದಾಳಿಗಾಗಿ ಕಾಯುವುದಿಲ್ಲ.

ಬಡ ಕುಟುಂಬವೇ ತನ್ನ ಪಾಲಿನ ಅಕ್ಕಿಯನ್ನು ಮಾರುವುದುಂಟಲ್ಲ ಎಂಬ ಆಕ್ಷೇಪವಿದೆ. ಉಂಟು. ರೊಟ್ಟಿ ಉಣ್ಣುವ ಸೀಮೆಯಲ್ಲಿ, ಮುದ್ದೆ ಉಣ್ಣುವ ಸೀಮೆಯಲ್ಲಿ ಅಕ್ಕಿಯನ್ನು ಮಾರಿ ಜೋಳ, ರಾಗಿ, ಎಣ್ಣೆ, ಬೇಳೆ ತರುತ್ತಾರೆ. ಕಾನೂನು ಅದನ್ನೂ ಒಪ್ಪದು. ಆದರೂ ಮಗುವಿನ ಔಷಧಕ್ಕಾಗಿ ಮಾರುವವಳ ದೋಷವನ್ನೂ ಅವಳ ಅವಸರದಿಂದ ಲಾಭ ಗಳಿಸುವವನ ದೋಷವನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ನ್ಯಾಯವಲ್ಲ. ಪೇಟೆಯ ದರವು ಎಷ್ಟೆಂಬುದಕ್ಕೆ ಸರ್ಕಾರದ್ದೇ ಲೆಕ್ಕವಿದೆ: ಹೆಚ್ಚುವರಿ 5 ಕಿಲೋಗೆ ಅಕ್ಕಿ ದೊರೆಯದೆ 2023ರ ಜುಲೈನಿಂದ ಕರ್ನಾಟಕವು ಹಣ ಕೊಟ್ಟಾಗ ಕಿಲೋಗೆ 34 ರೂಪಾಯಿ ಹಿಡಿಯಲಾಗಿತ್ತು. ಅದರಂತೆ ನಾಲ್ವರಿರುವ ಮನೆಯ 20 ಕಿಲೋಗೆ 680 ರೂಪಾಯಿ.

ಬಸದಿಗಳ ಟ್ರಸ್ಟುಗಳು ಇಲ್ಲಿ ಮಾಡಬಹುದಾದುದಕ್ಕೆ ಹೆಚ್ಚಿನ ಹಣ ಬೇಡ. ಗುಮಾಸ್ತರಿದ್ದಾರೆ, ಅರ್ಜಿ ಬರೆಯಬಲ್ಲ ನಿವೃತ್ತ ಶಿಕ್ಷಕರಿದ್ದಾರೆ. ಕಾಯಿದೆಯಂತೆ ಪಡಿತರ ಚೀಟಿಯ ಮಟ್ಟಿಗೆ ಮನೆಯ ಯಜಮಾನಿ 18 ತುಂಬಿದ ಹಿರಿಯ ಹೆಂಗಸು. ಗಂಡ ತೀರಿಹೋದುದರಿಂದ ಅವಳ ಹಕ್ಕು ಹೋಗುವುದಿಲ್ಲ. ಆಧಾರವಿಲ್ಲದ ವಿಧವೆಯರೂ ವೃದ್ಧರೂ ಅಂತ್ಯೋದಯದ 35 ಕಿಲೋಗೆ ಪರಿಗಣಿತರು. ಗರ್ಭಿಣಿಗೂ ಹೆತ್ತ ಆರು ತಿಂಗಳವರೆಗೆ ಬಾಣಂತಿಗೂ ಅಂಗನವಾಡಿಯ ಆಹಾರ ಉಚಿತ. ಬಟ್ಟೆ ಒಗೆದೋ ಕಲ್ಲು ಹೊತ್ತೋ ಸವೆದ ಹೆಬ್ಬೆಟ್ಟನ್ನು ಯಂತ್ರವು ಗುರುತಿಸದಿದ್ದರೆ ಅವರನ್ನು ಬರಿಗೈಯಲ್ಲಿ ಹಿಂದಿರುಗಿಸಬಾರದು. ಹಾಗೆ ಹಿಂದಿರುಗಿಸಿದರೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ, ಅಲ್ಲಿಯೂ ಆಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ದೂರಿಗೆ ಬೇಕಾಗುವುದು ದಿನಾಂಕ, ಅಂಗಡಿಯ ಸಂಖ್ಯೆ, ಚೀಟಿಯ ಸಂಖ್ಯೆ, ದೊರೆತ ತೂಕ. ಬಸದಿಯ ಉಗ್ರಾಣದಲ್ಲಿ ತಕ್ಕಡಿ ಇದ್ದೇ ಇರುತ್ತದೆ. ಪಡಿತರ ಹಂಚುವ ದಿನ ಅದನ್ನು ಹೊರಗಿನ ಜಗುಲಿಯ ಮೇಲೆ ಇಟ್ಟರೆ, ಚೀಲ ಹೊತ್ತು ಬಂದವರು ತೂಗಿಸಿಕೊಂಡು ಹೋಗಬಹುದು.