ಯಾರಿಗೂ ಕಾಯದ ಖಳ

ಸಂತೆಯಲ್ಲಿ ಕುದುರೆ ಕೊಂಡು, ಛತ್ರದಲ್ಲಿ ಜಗಳವಾಡಿ, ಯಾರದೋ ಉಂಗುರ ಹುಡುಕಿಕೊಟ್ಟು ಆಟಗಾರರು ಕಥೆಯೊಳಗಿನ ಮೂರು ತಿಂಗಳು ಕಳೆಯುತ್ತಾರೆ. ಕೊನೆಗೊಮ್ಮೆ ಬೆಟ್ಟ ಹತ್ತಿದರೆ ಮಾಂತ್ರಿಕ ಆಗಷ್ಟೇ ಬಲಿಗೆ ಕತ್ತಿ ಎತ್ತಿರುತ್ತಾನೆ! ಮೊದಲ ವಾರವೇ ಹೋಗಿದ್ದರೂ ಕತ್ತಿ ಅಷ್ಟೇ ಎತ್ತರದಲ್ಲಿರುತ್ತಿತ್ತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದಲ್ಲಿ ಇದಕ್ಕಿಂತ ಕಿರಿಕಿರಿಯ ಗಳಿಗೆ ಇನ್ನೊಂದಿಲ್ಲ. ಬೇಗ ಹೋಗುವುದೋ ತಡಮಾಡುವುದೋ ಎಂದು ಆಟಗಾರರು ತಲೆ ಕೆಡಿಸಿಕೊಂಡದ್ದೆಲ್ಲ ವ್ಯರ್ಥ.

ಈ ಬಗೆಯ ಆಟಗಳ ಜನಕರಲ್ಲೊಬ್ಬನಾದ ಗ್ಯಾರಿ ಗೈಗ್ಯಾಕ್ಸ್‌ಗೆ ಈ ಅಪಾಯ ತಿಳಿದಿತ್ತು. ಕಾಲದ ಲೆಕ್ಕವನ್ನು ಬಿಗಿಯಾಗಿ ಇಡದಿದ್ದರೆ ಹಲವು ಸಂಜೆ ಮುಂದುವರಿಯುವ ಕ್ಯಾಂಪೇನ್‌ಗೆ ಅರ್ಥವೇ ಇರದು ಎಂಬ ಮಾತನ್ನು 1979ರ 'ಡಂಜನ್ ಮಾಸ್ಟರ್ಸ್ ಗೈಡ್'ನಲ್ಲಿ ಆತ ಪೂರ್ತಿ ದೊಡ್ಡಕ್ಷರಗಳಲ್ಲೇ ಅಚ್ಚು ಹಾಕಿಸಿದ.

ಕಾಲದ ಈ ಬಿಗಿಯನ್ನು ಅತ್ಯಂತ ಸೊಗಸಾಗಿ ಸಾಧಿಸಿದ್ದು 1984ರ 'ಮಾಸ್ಕ್ಸ್ ಆಫ್ ನ್ಯಾರ್ಲಥೋಟೆಪ್' ಎಂಬ ಕ್ಯಾಂಪೇನ್. ಲ್ಯಾರಿ ಡಿಟಿಲಿಯೊ ಕಥೆಯನ್ನು 1925ರ ಜನವರಿಯಲ್ಲಿ ನ್ಯೂಯಾರ್ಕಿನ ಒಂದು ಕೊಲೆಯಿಂದ ಶುರುಮಾಡಿ, ಖಳರ ಪಿತೂರಿಯ ಗಡುವನ್ನು 1926ರ ಜನವರಿ 14ರ ಪೂರ್ಣ ಸೂರ್ಯಗ್ರಹಣಕ್ಕೆ ಕಟ್ಟಿದ. ಅದು ನಿಜವಾಗಿ ಘಟಿಸಿದ ಗ್ರಹಣ. ಪೂರ್ವ ಆಫ್ರಿಕದಿಂದ ಹಿಂದೂ ಮಹಾಸಾಗರ ದಾಟಿ ಸುಮಾತ್ರದ ಮೇಲೆ ಹಾದುಹೋಯಿತು. ಗ್ರಹಣವನ್ನು ಮುಂದೂಡಲು ಆಟ ನಡೆಸುವ ಯಾವ ಗೇಮ್ ಮಾಸ್ಟರನಿಂದಲೂ ಆಗದು. ಲಂಡನ್, ಕೈರೋ, ಕೀನ್ಯಾ, ಶಾಂಘೈಗಳ ನಡುವೆ ಹಡಗಿನ ಪಯಣಕ್ಕೇ ವಾರಗಟ್ಟಲೆ ಬೇಕು. ಹಾಗಾಗಿ ಮೊದಲು ಯಾವ ಬಂದರಿಗೆ ಟಿಕೆಟ್ ಕೊಳ್ಳುವುದು ಎಂಬುದೇ ಮೇಜಿನ ಸುತ್ತ ಬಿಸಿಬಿಸಿ ವಾದವಾಗುತ್ತದೆ.

ಗಡುವಿಗೆ ಗ್ರಹಣವೇ ಬೇಕೆಂದಿಲ್ಲ. ಜಾನ್ ಹಾರ್ಪರ್‌ನ 'ಬ್ಲೇಡ್ಸ್ ಇನ್ ದ ಡಾರ್ಕ್' ಆಟದಲ್ಲಿ (2017) ನಾಲ್ಕೋ ಆರೋ ಎಂಟೋ ಭಾಗಗಳ ವೃತ್ತವೇ ಗಡಿಯಾರ. ಆಟಗಾರರ ತಂಡ ಗಾಯ ಮಾಯಿಸಿಕೊಳ್ಳುತ್ತಿರುವಾಗ ಎದುರಾಳಿ ಪಂಗಡಗಳ ವೃತ್ತಗಳೂ ತುಂಬುತ್ತವೆ; ಪೂರ್ತಿ ತುಂಬಿದರೆ ಅವರ ಸಂಚು ಕೈಗೂಡಿದಂತೆ. ಇಷ್ಟು ಸರಳವಾದ ಉಪಾಯವನ್ನೂ ಕೆಡಿಸುವವರಿದ್ದಾರೆ. ಗಡಿಯಾರವನ್ನು ಪರದೆಯ ಹಿಂದೆ ಬಚ್ಚಿಟ್ಟು, ಆರು ವಾರ ತುಟಿಪಿಟಕ್ಕೆನ್ನದೆ, ಒಂದು ಸಂಜೆ "ನೀವು ಬರಲಿಲ್ಲ, ನಗರ ಸುಟ್ಟುಹೋಯಿತು" ಎಂದು ಘೋಷಿಸುತ್ತಾರೆ. ಮೇಲೆ, ತಮ್ಮ ಲೋಕ ಜೀವಂತವಾಗಿದೆ ಎಂದು ಹೆಮ್ಮೆ ಬೇರೆ! ಆಟಗಾರರ ಕಣ್ಣಿಗೆ ಬೀಳದ ಚಲನೆ ಅವರ ಪಾಲಿಗೆ ನಡೆದೇ ಇಲ್ಲ. ಸುಳಿವು ಕೊಡದೆ ಶಿಕ್ಷೆ ಕೊಡುವುದು ಶುದ್ಧ ಅನ್ಯಾಯ.

ಮದ್ದು ಸುಲಭ. ಪ್ರತಿ ಸೆಷನ್ ಮುಗಿದ ಮೇಲೆ ಒಂದೊಂದು ಪಂಗಡವನ್ನೂ ಒಂದು ಹೆಜ್ಜೆ ನಡೆಸಬೇಕು; ಹೆಜ್ಜೆಗೊಂದು ಕುರುಹು ಬರೆದಿಟ್ಟುಕೊಂಡು ಆಟಗಾರರ ಕಣ್ಣಿಗೆ ಬೀಳಿಸಬೇಕು. ಉಪ್ಪಿನ ಬೆಲೆ ಇಮ್ಮಡಿಯಾಗಿದೆ. ಉತ್ತರದ ಹೆಬ್ಬಾಗಿಲಲ್ಲಿ ಹೊಸ ಕಾವಲುಗಾರರು. ದಿನಾ ನಮಸ್ಕರಿಸುತ್ತಿದ್ದ ಅರ್ಚಕ ಇವತ್ತು ಕಾಣುತ್ತಿಲ್ಲ. ವಿವರಣೆ ಬೇಡವೇ ಬೇಡ. ಅನಾಹುತಕ್ಕೆ ಮುಂಚೆ ಇಂಥ ಮೂರು ಕುರುಹು ಸಿಕ್ಕಿದರೆ ಸಾಕು. ಆಮೇಲೆ ನಗರ ಸುಟ್ಟರೂ ಆಟಗಾರರು ಗೇಮ್ ಮಾಸ್ಟರನನ್ನು ಬೈಯುವುದಿಲ್ಲ, ಉಪ್ಪಿನ ಬೆಲೆಯ ಮಾತು ನೆನೆದು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ.

ಚಲನೆ ಯಾವಾಗಲೂ ಅವಸರದ್ದಾಗಬೇಕಿಲ್ಲ. ಗ್ರೆಗ್ ಸ್ಟ್ಯಾಫರ್ಡ್‌ನ 'ಪೆಂಡ್ರಾಗನ್' ಆಟ ಒಂದು ಸಾಹಸಕ್ಕೆ ಒಂದು ವರ್ಷ ಎಂದು ಎಣಿಸುತ್ತದೆ. ಚಳಿಗಾಲ ಬಂದಾಗ ಯೋಧರಿಗೆ ವಯಸ್ಸಾಗುತ್ತದೆ, ಮಕ್ಕಳು ಹುಟ್ಟುತ್ತವೆ. ಕುದುರೆ ಬದುಕಿತೇ ಎಂದು ನೋಡಲೂ ದಾಳ ಉರುಳಿಸಬೇಕು. ಯುದ್ಧದಲ್ಲಿ ಗೆದ್ದು ಬಂದ ಕುದುರೆ ಲಾಯದಲ್ಲಿ ಸತ್ತಾಗ ಆಟಗಾರರು ಪಡುವ ಸಂಕಟವನ್ನು ಯಾವ ಮಾಂತ್ರಿಕನೂ ತರಲಾರ. 2006ರ 'ದ ಗ್ರೇಟ್ ಪೆಂಡ್ರಾಗನ್ ಕ್ಯಾಂಪೇನ್' ಕ್ರಿ.ಶ. 485ರಲ್ಲಿ ಆರಂಭವಾಗುತ್ತದೆ. ಆರ್ಥರ್ ಕತ್ತಿ ಕೀಳುವುದು 510ರಲ್ಲಿ. ನಡುವೆ ರಾಜ ಊಥರ್ ಸತ್ತು, ದೊರೆಯಿಲ್ಲದ ನಾಡಿನಲ್ಲಿ ಯೋಧರು ವರ್ಷ ವರ್ಷವೂ ಸ್ಯಾಕ್ಸನ್ನರಿಗೆ ಕಪ್ಪ ಕೊಡುವುದೋ ಕಾದಾಡುವುದೋ ಎಂದು ಒದ್ದಾಡುತ್ತಾರೆ. ಆ ಅರಾಜಕ ವರ್ಷಗಳನ್ನು ಬೇಸರವೆಂದು ಹಾರಿಸಿ ಆರ್ಥರನನ್ನು ಬೇಗ ಕರೆತರುವ ಗೇಮ್ ಮಾಸ್ಟರ್, ಆ ಪುಸ್ತಕದ ಅತ್ಯುತ್ತಮ ಭಾಗವನ್ನೇ ಆಟಗಾರರಿಂದ ಕಸಿದುಕೊಳ್ಳುತ್ತಾನೆ.