ಕ್ಯಾಸನೂರಿನ ಕಾಡಿನಲ್ಲಿ ಮಂಗ ಸತ್ತರೆ

ಕಟಕೋಳದಂಥ ಬಯಲುಸೀಮೆಯ ಊರಿನಿಂದ ಶಿವಮೊಗ್ಗ ಜಿಲ್ಲೆಯ ಸೊರಬಕ್ಕೆ ಹೋದವರಿಗೆ ಅಲ್ಲಿನ ಹಸಿರು ಕಂಡು ಕಣ್ಣು ತುಂಬುತ್ತದೆ. ಆ ತಾಲ್ಲೂಕಿನ ಕ್ಯಾಸನೂರು ಎಂಬ ಪುಟ್ಟ ಊರು ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೇರಿರುವುದು ಮಾತ್ರ ಒಂದು ಜ್ವರದಿಂದ. 1957ರಲ್ಲಿ ಇಲ್ಲಿನ ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲ ಹಳ್ಳಿಗಳ ಜನ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೊಸ ವೈರಸ್ಸೊಂದನ್ನು ಪತ್ತೆ ಹಚ್ಚಿದರು. ಜನರ ಬಾಯಲ್ಲಿ ಅದು ‘ಮಂಗನ ಕಾಯಿಲೆ’ಯಾಯಿತು.

ಆದರೆ ತಪ್ಪು ಮಂಗನದಲ್ಲ. ಮನುಷ್ಯನಂತೆ ಅದೂ ರೋಗಿಯೇ. ರೋಗ ಹರಡುವುದು ಉಣುಗು, ನಮ್ಮ ಕಡೆಯ ಉಣ್ಣಿ. ಮರಿ ಉಣುಗು ಗಸಗಸೆ ಕಾಳಿನಷ್ಟು ಚಿಕ್ಕದು, ಕಚ್ಚಿದ್ದೂ ತಿಳಿಯದು. ಮಂಗ ಸತ್ತೊಡನೆ ಉಣುಗುಗಳು ಅದರ ಮೈಯಿಂದಿಳಿದು ತರಗೆಲೆಗಳಲ್ಲಿ ಕಾದಿರುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇವುಗಳ ಹಾವಳಿ ಹೆಚ್ಚು. ಕೊಟ್ಟಿಗೆಗೆ ತರಗೆಲೆ ತರಲು, ದನ ಕಾಯಲು ದೊಡ್ಡವರೊಡನೆ ಮಕ್ಕಳೂ ಕಾಡಿಗೆ ಹೋಗುವುದು ಆಗಲೇ.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಹಠಾತ್ತನೆ ಜ್ವರ, ತಲೆನೋವು, ಮೈಕೈ ನೋವು. ಕೆಲವರಿಗೆ ಮೂಗು, ವಸಡಿನಿಂದ ರಕ್ತ. ನೂರರಲ್ಲಿ ಮೂರರಿಂದ ಐದು ರೋಗಿಗಳು ಉಳಿಯುವುದಿಲ್ಲ. ಈ ವೈರಸ್ಸಿಗೆಂದೇ ಔಷಧಿಯಿಲ್ಲ; ಬೇಗ ಆಸ್ಪತ್ರೆ ಸೇರುವುದೇ ದಾರಿ.

ಕಾಡಿಗೆ ಹೋಗುವವರು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಬೇಕು. ಮರಳಿದೊಡನೆ ಬಟ್ಟೆ ಬದಲಿಸಿ ಬಿಸಿನೀರಿನಲ್ಲಿ ಸಾಬೂನು ಹಚ್ಚಿ ಮೀಯಬೇಕು. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಬೇಕು. ಅದು ಅಪಶಕುನವಲ್ಲ, ಮಕ್ಕಳನ್ನು ಆ ಕಡೆ ಕಳಿಸಬೇಡಿ ಎಂದು ಕಾಡೇ ಕೊಡುವ ಮುನ್ಸೂಚನೆ.