ನಿನ್ನೆಯ ಕೋಳಿ, ಇಂದಿನ ದಾಲ್ಚಾ

ಹಬ್ಬ ಮುಗಿದ ಮರುದಿನ ನಮ್ಮ ಮನೆಗಳ ಅಡುಗೆಮನೆಯಲ್ಲಿ ಮುಚ್ಚಿಟ್ಟ ಒಂದು ಪಾತ್ರೆ ಇದ್ದೇ ಇರುತ್ತದೆ. ಮುಚ್ಚಳ ತೆಗೆದರೆ ಹುರಿದ ಕೋಳಿಯ ಒಣಗಿದ ಎದೆಮಾಂಸ, ಒಂದೆರಡು ರೆಕ್ಕೆ, ಕುತ್ತಿಗೆ, ಬೆನ್ನಿನ ಮೂಳೆಗೂಡು, ತಳದಲ್ಲಿ ಗಟ್ಟಿಯಾದ ಮಸಾಲೆ. ಮನೆಮಂದಿಯ ಮಾತು ಒಂದೇ: "ನಿನ್ನೆಯದು ಬೇಡ, ಬೇರೆ ಏನಾದರೂ ಮಾಡು." ಹೊಸ ಅಡುಗೆಯಾಗುತ್ತದೆ, ಎಲ್ಲರೂ ಉಂಡು ಏಳುತ್ತಾರೆ. ಕೊನೆಗೆ ಅಡುಗೆ ಮಾಡಿದವಳು ಒಲೆಯ ಪಕ್ಕ ಕುಳಿತು, ಆ ಪಾತ್ರೆಯಲ್ಲಿರುವುದನ್ನು ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಾಳೆ. ಚೆಲ್ಲಲು ಮನಸ್ಸಿಲ್ಲ, ಬೇರೆಯವರಿಗೆ ಬಡಿಸಲು ಸಂಕೋಚ. ಈ ದೃಶ್ಯವನ್ನು ನೋಡದ ಸಹೋದರಿಯರು ನಮ್ಮಲ್ಲಿ ಕಡಿಮೆ.

ನಾನು ಹುಟ್ಟಿದ್ದು ಮಧುಗಿರಿಯಲ್ಲಿ, ಏಕಶಿಲಾ ಬೆಟ್ಟದ ನೆರಳಿನಲ್ಲಿ. ಮದುವೆಯಾಗಿ ಬಂದದ್ದು ಶಿರಾಕ್ಕೆ. ತಂಗಿ ಕೊರಟಗೆರೆಯ ಸೊಸೆ. ಖಾಲಾ ಇರುವುದು ಪಾವಗಡದಲ್ಲಿ. ಮನೆಯೊಳಗೆ ದಖ್ಖನಿ ಉರ್ದು, ಬೀದಿಗಿಳಿದರೆ ಕನ್ನಡ. ಅಡುಗೆಯೂ ಹಾಗೆಯೇ. ಒಂದು ದಿನ ಕುಷ್ಕ, ಮರುದಿನ ರಾಗಿಮುದ್ದೆ. ಉಳಿದ ಕೋಳಿಯನ್ನು ಎರಡನೆಯ ಊಟವಾಗಿ ಮಾಡುವುದನ್ನು ನಾನು ಈ ಮನೆಗಳಿಂದಲೇ ಕಲಿತೆ. ಆದರೆ ಅದು ರುಚಿಯ ಸಂಗತಿ ಮಾತ್ರವಲ್ಲ ಎಂದು ತಿಳಿದದ್ದು ತಂಗಿಯ ಬಾಣಂತನಕ್ಕೆ ಮೊದಲು.

ಆರನೆಯ ತಿಂಗಳಲ್ಲಿ ಅವಳನ್ನು ರಕ್ತಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಗರ್ಭಿಣಿಗೆ ಅದು 11ಕ್ಕಿಂತ ಕಡಿಮೆ ಇರಬಾರದು. ಚೀಟಿ ನೋಡಿದ ನರ್ಸಮ್ಮ ಕೇಳಿದರು:

"ಮನೆಯಲ್ಲಿ ಮಾಂಸ ಮಾಡುವುದಿಲ್ಲವೇನಮ್ಮಾ?"

"ಮಾಡುತ್ತೇವೆ ಸಿಸ್ಟರ್, ವಾರಕ್ಕೆ ಎರಡು ಸಲ."

"ನಿಮ್ಮ ತಟ್ಟೆಗೆ ಎಷ್ಟು ಬರುತ್ತದೆ?"

ತಂಗಿ ನನ್ನ ಮುಖ ನೋಡಿದಳು. ನನ್ನಲ್ಲೂ ಉತ್ತರವಿರಲಿಲ್ಲ.

ಅವಳ ಗಂಡನ ಮನೆಯವರು ಕೆಟ್ಟವರಲ್ಲ. ಅವಳ ಅತ್ತೆಯೂ ನಲವತ್ತು ವರ್ಷ ಎಲ್ಲರಿಗಿಂತ ಕೊನೆಗೆ ಉಂಡವರೇ. ಲೆಗ್ ಪೀಸ್ ಮಕ್ಕಳಿಗೆ, ಒಳ್ಳೆಯ ತುಂಡು ಗಂಡಸರಿಗೆ ಮತ್ತು ಅತಿಥಿಗಳಿಗೆ, ಉಳಿದದ್ದು ಹೆಂಗಸರಿಗೆ. ಯಾರೂ ಹಾಕಿಕೊಟ್ಟ ಕಾನೂನಲ್ಲ ಇದು, ನಡೆದುಕೊಂಡು ಬಂದದ್ದು. ಒಂದು ಕೋಳಿ ಎಂಟು ಜನರಿಗೆ ಹಂಚುವಾಗ ಹಂಚುವವಳ ಕೈಗೆ ಕುತ್ತಿಗೆಯೇ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಇಡೀ ದೇಶದಲ್ಲಿ ನೂರಕ್ಕೆ 57. ಮಾಂಸ ತಿನ್ನುವ ಮನೆ, ತಿನ್ನದ ಮನೆ ಎಂಬ ಭೇದವಿಲ್ಲದೆ ಈ ಸಮಸ್ಯೆ ಹರಡಿದೆ. ಮನೆಗೆ ಏನು ಬಂತು ಎನ್ನುವುದರ ಜೊತೆಗೆ, ಯಾರ ತಟ್ಟೆಗೆ ಬಂತು ಎನ್ನುವುದೂ ಮುಖ್ಯ.

ಆ ದಿನ ಬಸ್ಸಿನಲ್ಲಿ ಶಿರಾಕ್ಕೆ ಹಿಂತಿರುಗುವಾಗ ನನ್ನ ಅತ್ತೆಯ ದಾಲ್ಚಾ ನೆನಪಾಯಿತು.

ಶಿರಾದವರು ಊಟದ ಮಾತು ಬಂದರೆ ನವಾಬರ ಕಾಲಕ್ಕೇ ಹೋಗುತ್ತಾರೆ. 1687ರಿಂದ 1757ರವರೆಗೆ ಇದು ಮೊಗಲರ ಸುಬಾದ ರಾಜಧಾನಿಯಾಗಿತ್ತು. 1696ರಲ್ಲಿ ಕಟ್ಟಿದ ಜಾಮಿಯಾ ಮಸೀದಿ ಇನ್ನೂ ನಿಂತಿದೆ. ಹಾಗಾಗಿ ದಾವತ್ ಎಂದರೆ ಇಡೀ ಕೋಳಿ ಹುರಿಯಲೇಬೇಕು ಎನ್ನುವ ಠೀವಿ ನಮ್ಮ ಮನೆಯಲ್ಲೂ ಇದೆ. ಮೊಸರು, ಶುಂಠಿ-ಬೆಳ್ಳುಳ್ಳಿ, ಕೆಂಪು ಮೆಣಸಿನಪುಡಿ, ನಿಂಬೆರಸ ಹಚ್ಚಿ, ದಪ್ಪ ತಳದ ದೇಗ್ಚಿಯಲ್ಲಿಟ್ಟು, ಮುಚ್ಚಳದ ಮೇಲೆ ಕೆಂಡ ಸುರಿದು ಅತ್ತೆ ಅದನ್ನು ಹುರಿಯುತ್ತಿದ್ದರು. ಈಗ ಕೆಂಡದ ಬದಲು ಗ್ಯಾಸ್ ಒಲೆ ಮತ್ತು ದಪ್ಪ ತವಾ ಬಂದಿದೆ. ಅದೂ ಬೇಡವೆಂದರೆ ಮಕ್ಕಳು ಪೇಟೆಯಿಂದ ಗ್ರಿಲ್ ಚಿಕನ್ ತರುತ್ತಾರೆ. ಮರುದಿನ ಉಳಿಯುವುದು ಮಾತ್ರ ಅದೇ ಎದೆಮಾಂಸ ಮತ್ತು ಮೂಳೆಗೂಡು.

ಅತ್ತೆ ಅದನ್ನು ಎಂದೂ ಬಿಸಿ ಮಾಡಿ ಕೊಡುತ್ತಿರಲಿಲ್ಲ. "ಉಳಿದದ್ದನ್ನು ಬಿಸಿ ಮಾಡಿದರೆ ಒಬ್ಬರು ತಿನ್ನುತ್ತಾರೆ ಬೇಟಾ, ಬೇಯಿಸಿದರೆ ಹತ್ತು ಜನ ತಿನ್ನುತ್ತಾರೆ" ಎನ್ನುತ್ತಿದ್ದರು. ಮಾತಿನಲ್ಲಿ ಅನುಭವವಿದೆ. ಹುರಿದ ಕೋಳಿಯ ನೀರಿನಂಶ ಮೊದಲ ದಿನವೇ ಆರಿರುತ್ತದೆ. ಇನ್ನೊಮ್ಮೆ ತವಾದ ಮೇಲೆ ಬಿಸಿ ಮಾಡಿದರೆ ನಾರುನಾರಾಗಿ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ನೀರು, ಬೇಳೆ, ಹುಳಿ.

ಅವರ ಕ್ರಮ ಹೀಗಿತ್ತು. ಮೊದಲು ಮೂಳೆಯಿಂದ ಮಾಂಸವನ್ನು ಕೈಯಲ್ಲೇ ಬಿಡಿಸಿ, ನಾರಿನ ಉದ್ದಕ್ಕೆ ಸೀಳಿ ಪಕ್ಕಕ್ಕಿಡುವುದು. ಇಲ್ಲಿ ಒಂದು ಮಾತು ಹೇಳಲೇಬೇಕು. ಯಾರೋ ತಟ್ಟೆಯಲ್ಲಿ ಕಚ್ಚಿ ಬಿಟ್ಟ ಎಂಜಲು ಮೂಳೆ ಇದಕ್ಕೆ ಸಲ್ಲದು, ಬಡಿಸದೆ ಪಾತ್ರೆಯಲ್ಲೇ ಉಳಿದದ್ದು ಮಾತ್ರ. ಮೂಳೆಗಳನ್ನು ಕುಕ್ಕರಿಗೆ ಹಾಕಿ, ಆರು ಲೋಟ ನೀರು, ಒಂದು ಈರುಳ್ಳಿ, ಎಂಟು ಹತ್ತು ಕಾಳು ಮೆಣಸು, ಒಂದು ತುಂಡು ಚಕ್ಕೆ ಸೇರಿಸಿ, ಮೂರು ವಿಶಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಿಡುವುದು. ಹುರಿದ ಮೂಳೆಯಾದ್ದರಿಂದ ರಸ ಕಂದುಬಣ್ಣಕ್ಕೆ ತಿರುಗಿ ಹಸಿ ಮೂಳೆಯ ರಸಕ್ಕಿಂತ ಘಮಘಮಿಸುತ್ತದೆ. ಕೀಲುಗಳಲ್ಲಿರುವ ಅಂಟು ಕರಗಿ ರಸ ಮಂದವಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಅದು ಜೆಲ್ಲಿಯಂತೆ ಗಟ್ಟಿಯಾಗುವುದನ್ನು ನೀವೂ ನೋಡಿರಬಹುದು. ಈ ರಸವನ್ನು ಸೋಸಿ ಮೂಳೆಗಳನ್ನು ತೆಗೆದುಬಿಡಬೇಕು. ಕೋಳಿಯ ಸಣ್ಣ ಮೂಳೆಚೂರು ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿರುತ್ತದೆ.

ಆ ರಸದಲ್ಲೇ ಒಂದು ಲೋಟ ತೊಗರಿಬೇಳೆ, ಅರ್ಧ ಲೋಟ ಕಡಲೆಬೇಳೆ, ಚಿಟಿಕೆ ಅರಿಶಿನ ಹಾಕಿ ಬೇಯಿಸಬೇಕು. ಬೇಳೆ ಮೆತ್ತಗಾದ ಮೇಲೆ ಸೋರೆಕಾಯಿಯ ದೊಡ್ಡ ಹೋಳುಗಳು, ನಾಲ್ಕು ಬದನೆಕಾಯಿ. ಹೋಳು ಬೆಂದ ನಂತರವೇ ನಿಂಬೆಗಾತ್ರದ ಹುಣಸೆಹಣ್ಣಿನ ರಸ. ಹುಳಿ ಮೊದಲೇ ಬಿದ್ದರೆ ಬೇಳೆ ಬೇಯುವುದಿಲ್ಲ. ಕೊನೆಗೆ ಬಿಡಿಸಿಟ್ಟ ಮಾಂಸ ಮತ್ತು ಪಾತ್ರೆಯ ತಳದ ಮಸಾಲೆ ಸೇರಿಸಿ ಚೆನ್ನಾಗಿ ಕುದಿಸಿದರೆ ಸಾಕು. ಉಪ್ಪನ್ನು ರುಚಿ ನೋಡಿಯೇ ಹಾಕಿ, ಹುರಿದ ಕೋಳಿಯಲ್ಲಿ ಆಗಲೇ ಉಪ್ಪಿದೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಬಿದ್ದರೆ ಪಕ್ಕದ ಮನೆಯವರಿಗೂ ವಾಸನೆ ಹೋಗುತ್ತದೆ. ಕುಷ್ಕದ ಜೊತೆ ಇದನ್ನು ಬಡಿಸಿದರೆ ನಿನ್ನೆಯ ಕೋಳಿ ಎಂದು ಯಾರೂ ಮೂಗು ಮುರಿಯುವುದಿಲ್ಲ.

ಆಗ ನನಗೆ ಹೊಳೆದದ್ದು ಇಷ್ಟು. ತುಂಡುಗಳನ್ನು ಹಂಚಬಹುದು, ಆದರೆ ದಾಲ್ಚಾದಲ್ಲಿ ತುಂಡೇ ಇಲ್ಲ. ಲೆಗ್ ಪೀಸ್ ಯಾರಿಗೆ, ಕುತ್ತಿಗೆ ಯಾರಿಗೆ ಎಂಬ ಲೆಕ್ಕ ಅಲ್ಲಿ ನಡೆಯದು. ಸೌಟು ಮುಳುಗಿಸಿ ಬಡಿಸಿದರೆ ಮಾವನ ತಟ್ಟೆಗೂ ಸೊಸೆಯ ತಟ್ಟೆಗೂ ಬೀಳುವುದು ಒಂದೇ. ಎಲ್ಲರೂ ಒಂದೇ ದಸ್ತರ್‌ಖಾನ್‌ನಲ್ಲಿ ಕುಳಿತು ಉಣ್ಣುವ ದಿನ ನಮ್ಮ ಮನೆಯಲ್ಲಿ ಹಬ್ಬದ ದಿನವಾಗಿರಲಿಲ್ಲ, ಹಬ್ಬದ ಮರುದಿನವಾಗಿತ್ತು.

ಇದನ್ನು ತಂಗಿಗೆ ಹೇಳಿದೆ. ಅವಳು ಕೊರಟಗೆರೆಯವಳಲ್ಲವೇ, ತನ್ನದೇ ದಾರಿ ಹುಡುಕಿದಳು. ಆಗ ಅವರೆಕಾಯಿಯ ಕಾಲ. ಪಕ್ಕದ ಮನೆಯ ಅಕ್ಕ ಅವಳಿಗೆ ಹಿತಕಿದ ಬೇಳೆಯ ಸಾರು ಕಲಿಸಿದ್ದರು. ಸೊಗಡಿನ ಅವರೆಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೊಂದೇ ಕಾಳನ್ನು ಬೆರಳಲ್ಲಿ ಹಿತುಕಿ ಸಿಪ್ಪೆ ತೆಗೆಯುವ ಕೆಲಸ. ಮಕ್ಕಳೆಲ್ಲ ಸುತ್ತ ಕುಳಿತರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ತೆಂಗಿನಕಾಯಿ, ಹುರಿಗಡಲೆ, ಧನಿಯ, ಗಸಗಸೆ ರುಬ್ಬಿದ ಮಸಾಲೆಗೆ ಮೂಳೆಯ ರಸ ಬೆರೆಸಿ, ಬೇಳೆ ಬೆಂದ ಮೇಲೆ ಸೀಳಿದ ಕೋಳಿ ಹಾಕಿ ಕುದಿಸಿದಳು. ಜೊತೆಗೆ ಬಿಸಿ ರಾಗಿಮುದ್ದೆ.

ಇದರ ಹಿಂದೆ ಒಂದಿಷ್ಟು ವಿಜ್ಞಾನವೂ ಇದೆ. ರಾಗಿ, ಬೇಳೆ, ಕಾಳುಗಳಲ್ಲಿರುವ ಕಬ್ಬಿಣದಂಶ ನಮ್ಮ ದೇಹಕ್ಕೆ ಸುಲಭವಾಗಿ ಹಿಡಿಯುವುದಿಲ್ಲ. ಅದರ ಜೊತೆಗೆ ಸ್ವಲ್ಪ ಮಾಂಸ ಸೇರಿದರೆ, ಉಣ್ಣುವಾಗ ನಿಂಬೆರಸ ಹಿಂಡಿಕೊಂಡರೆ ಹೀರಿಕೆ ಹೆಚ್ಚುತ್ತದೆ. ಊಟವಾದ ಕೂಡಲೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ. ನಮ್ಮ ಮನೆಗಳಲ್ಲಿ ಉಂಡ ಕೈ ಆರುವ ಮೊದಲೇ ಚಹಾ ಬರುತ್ತದಲ್ಲ, ಅದನ್ನು ಒಂದು ಗಂಟೆ ಮುಂದಕ್ಕೆ ಹಾಕಿದರೆ ಒಳ್ಳೆಯದು. ಹಾಗೆಂದು ಕೋಳಿಸಾರು ಔಷಧವಲ್ಲ. ಗರ್ಭಿಣಿಯರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ಕಬ್ಬಿಣದ ಮಾತ್ರೆಗಳನ್ನು ತಪ್ಪದೆ ನುಂಗಬೇಕು. ತಂಗಿ ಎರಡನ್ನೂ ಮಾಡಿದಳು, ಮಾತ್ರೆಯನ್ನೂ ನುಂಗಿದಳು, ತಟ್ಟೆಯನ್ನೂ ತುಂಬಿಕೊಂಡಳು. ಹೆರಿಗೆಯ ಹೊತ್ತಿಗೆ ಅವಳ ರಕ್ತದ ಪ್ರಮಾಣ 10 ದಾಟಿತ್ತು. ಅಲ್ಲಾಹನ ಕೃಪೆಯಿಂದ ತಾಯಿ ಮಗು ಇಬ್ಬರೂ ಕ್ಷೇಮ.

ಉಳಿದದ್ದನ್ನು ಬಳಸಬೇಕು ನಿಜ, ಆದರೆ ಕೆಟ್ಟದ್ದನ್ನು ತಿನ್ನಬೇಕೆಂದಲ್ಲ. ಇದನ್ನು ನಮಗೆ ಹೇಳಬೇಕಾದವರು ಪಾವಗಡದ ಖಾಲಾ. ಅಲ್ಲಿನ ಬಿಸಿಲು ನೋಡಿದವರಿಗೇ ಗೊತ್ತು. ಮಳೆ ಕಡಿಮೆ, ಬರ ಹೆಚ್ಚು. ಬಕ್ರೀದಿನ ಮಾಂಸವನ್ನು ಉಪ್ಪು, ಅರಿಶಿನ ಹಚ್ಚಿ ದಾರಕ್ಕೆ ಪೋಣಿಸಿ ಆ ಬಿಸಿಲಲ್ಲೇ ಒಣಗಿಸುತ್ತಿದ್ದರು. ಈಗ ಅದೇ ತಾಲ್ಲೂಕಿನ ತಿರುಮಣಿಯ ಸುತ್ತ ಸಾವಿರಾರು ಎಕರೆಯಲ್ಲಿ ಸೌರಫಲಕಗಳು ನಿಂತು 2,050 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಪಾರ್ಕ್ ಆಗಿದೆ. ಖಾಲಾ ಮನೆಗೆ ಫ್ರಿಜ್ ಬಂದದ್ದು ಬಹಳ ತಡವಾಗಿ. ಅದಕ್ಕೆ ಮೊದಲು ಬೇಸಿಗೆಯಲ್ಲಿ ಅವರು ಬೇಯಿಸಿದ ಮಾಂಸವನ್ನು ರಾತ್ರಿಗೆ ಉಳಿಸುತ್ತಲೇ ಇರಲಿಲ್ಲ. ಮಧ್ಯಾಹ್ನದ ಕೋಳಿ ಉಳಿದರೆ ಬಿಸಿ ಆರುವ ಮೊದಲೇ ಅದನ್ನು ಸಂಜೆಯ ಅಡುಗೆಯ ಒಲೆಗೆ ಏರಿಸಿಬಿಡುತ್ತಿದ್ದರು.

ಇಂದಿನ ಆಹಾರ ತಜ್ಞರ ಮಾತೂ ಖಾಲಾ ಮಾತಿಗೆ ಹತ್ತಿರವೇ ಇದೆ. ಬೇಯಿಸಿದ ಕೋಳಿಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಬಿಸಿಲು 32 ಡಿಗ್ರಿ ದಾಟಿದ ದಿನಗಳಲ್ಲಿ ಒಂದೇ ಗಂಟೆ. ನಮ್ಮ ಕಡೆ ಮಾರ್ಚ್‌ನಿಂದ ಮೇವರೆಗೆ ಹೆಚ್ಚುಕಮ್ಮಿ ದಿನವೂ ಅಂಥದ್ದೇ. ಹಾಗಾಗಿ ಅತಿಥಿಗಳು ಎದ್ದ ಕೂಡಲೇ, ಹರಟೆಗೆ ಕೂರುವ ಮೊದಲೇ, ಮಾಂಸ ಬಿಡಿಸಿ ಅಗಲವಾದ ಡಬ್ಬಿಯಲ್ಲಿ ಫ್ರಿಜ್ಜಿಗೆ ಇಡಿ. ಇಡೀ ಕೋಳಿಯನ್ನು ಹಾಗೇ ಇಟ್ಟರೆ ಒಳಗಿನ ಬಿಸಿ ಬೇಗ ಆರುವುದಿಲ್ಲ. ಮೂರು ದಿನದೊಳಗೆ ಬಳಸಿ, ಬಳಸುವಾಗ ಕೊತಕೊತ ಕುದಿಸಿ. ರಾತ್ರಿಯಿಡೀ ಹೊರಗಿದ್ದ ಕೋಳಿ ಮತ್ತು ಕುಷ್ಕವನ್ನು ಮಾತ್ರ ಮುಲಾಜಿಲ್ಲದೆ ಬಿಟ್ಟುಬಿಡಿ. ಅದರಲ್ಲಿ ಸೇರುವ ಕೆಲವು ವಿಷಗಳು ಎಷ್ಟು ಕುದಿಸಿದರೂ ಹೋಗುವುದಿಲ್ಲ.

ಇಸ್ರಾಫ್, ಅಂದರೆ ದುಂದುಗಾರಿಕೆ, ಬೇಡವೆಂದು ನಮ್ಮ ಮಕ್ಕಳಿಗೆ ಚಿಕ್ಕಂದಿನಿಂದಲೇ ಹೇಳಿಕೊಡುತ್ತೇವೆ. ಆದರೂ ದಾವತ್‌ಗಳ ಹಿಂಬದಿಯ ಕಸದ ತೊಟ್ಟಿಯನ್ನು ನೋಡಿದರೆ ತಲೆ ತಗ್ಗುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳಿಂದಲೇ. ನಮ್ಮ ದೇಶದ ಮನೆಗಳಲ್ಲಿ ಸಿಪ್ಪೆ, ಮೂಳೆಯೂ ಸೇರಿ ತಲೆಗೆ ವರ್ಷಕ್ಕೆ ಸುಮಾರು 55 ಕಿಲೋ ಎಂಬ ಅಂದಾಜಿದೆ. ಇದನ್ನು ತಡೆಯುವ ಹೊಣೆಯನ್ನು ಹೆಂಗಸಿನ ಹೊಟ್ಟೆಯೊಂದರ ಮೇಲೆ ಹೊರಿಸುವುದು ನ್ಯಾಯವಲ್ಲ. ಅನ್ನ ಚೆಲ್ಲಬಾರದೆಂದು ಅವಳೊಬ್ಬಳೇ ಹಳಸಲನ್ನು ನುಂಗುವುದು ಮಿತವ್ಯಯವೂ ಅಲ್ಲ, ತ್ಯಾಗವೂ ಅಲ್ಲ. ಮನೆಯ ಉಳಿತಾಯ ಎಲ್ಲರ ತಟ್ಟೆಯಲ್ಲೂ ಕಾಣಬೇಕು.

ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚು ಹಾಕಿ ನೆರೆಯವರಿಗೂ ಕೊಡಬೇಕೆಂದು ಪ್ರವಾದಿವರ್ಯರು(ಸ) ತಮ್ಮ ಸಂಗಾತಿ ಅಬೂದರ್‌ರಿಗೆ(ರ) ಉಪದೇಶಿಸಿದ್ದನ್ನು ನಾವೆಲ್ಲ ಕೇಳಿದ್ದೇವೆ. ನೆರೆಮನೆಗೆ ತಲುಪಬೇಕಾದ ಆ ಸಾರು ಮೊದಲು ಅದನ್ನು ಮಾಡಿದವಳ ಬಟ್ಟಲಿಗೆ ಬೀಳುವುದು ಬೇಡವೇ? ಮನೆಯ ಗಂಡಸರೂ ಇದನ್ನು ಯೋಚಿಸಬೇಕು. ಊಟಕ್ಕೆ ಕೂರುವಾಗ "ನಿನ್ನ ತಟ್ಟೆ ಎಲ್ಲಿ?" ಎಂದು ಒಂದು ಮಾತು ಕೇಳಲು ಖರ್ಚೇನೂ ಇಲ್ಲ.

ತಂಗಿಯ ಮಗಳಿಗೆ ಈಗ ದಸ್ತರ್‌ಖಾನ್ ಹಾಸುವ ವಯಸ್ಸು. ಬಡಿಸುವ ಮೊದಲು ಅವಳು ತಟ್ಟೆಗಳನ್ನು ಎಣಿಸುತ್ತಾಳೆ. ದಾದಾ, ದಾದಿ, ಅಬ್ಬಾ, ಚಾಚಾ, ಭಾಯಿ, ತಾನು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಅಮ್ಮಿ, ಒಂದು ತಟ್ಟೆ ಕಡಿಮೆ ಇದೆ" ಎಂದು ಕೂಗುತ್ತಾಳೆ. ಅವಳ ದಾದಿ ಎದ್ದು ಹೋಗಿ ಆ ತಟ್ಟೆಯನ್ನು ತರುತ್ತಾರೆ.